ಕೆಂಪು ಬಲ್ಬಿನ ಶಿಬಿರಾಗ್ನಿ

ಜೋಪಾನ ಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದನ್ನು ಬಳಸುತ್ತಿದ್ದವರು ಬ್ಯಾಂಕಿನವರು ಮಾತ್ರ. ಆಡಿದ ಪ್ರತಿಯೊಂದು ಮಾತಿನ ತುದಿಗೂ ‘ಜೋಪಾನ’ ಎಂಬ ಗಂಟು ಹಾಕುವ ಅಭ್ಯಾಸದಿಂದ ಈ ಬಿರುದು ಅವರಿಗೆ ಅಂಟಿಕೊಂಡಿತ್ತು. ಹೆಂಡತಿ ಹಾಲು ತರಲು ಹೊರಟರೆ ಜೋಪಾನ. ಮೊಮ್ಮಗಳು ದೊಡ್ಡದಾಗಿ ಆಕಳಿಸಿದರೆ, ದವಡೆ ಜೋಪಾನ. ನೆರೆಮನೆಯ ಬೆಕ್ಕು ಕಾಂಪೌಂಡಿನಿಂದ ಜಿಗಿದರೆ ಅದಕ್ಕೂ ಜೋಪಾನ.

ಇದಕ್ಕೆ ಅವರನ್ನು ದೂರುವಂತಿರಲಿಲ್ಲ. ೧೯೬೮ನೆಯ ಇಸವಿ ಜುಲೈ ಒಂದರಂದು ವಿಮಾ ಕಚೇರಿಯ ಅಪಘಾತ ವಿಭಾಗಕ್ಕೆ ಗುಮಾಸ್ತರಾಗಿ ಸೇರಿದವರು ನಿವೃತ್ತಿಯವರೆಗೂ ಅದೇ ಮೇಜಿನ ಮುಂದೆ ಕುಳಿತು ಊರವರ ಬೀಳಾಟಗಳನ್ನೆಲ್ಲ ಓದಿದ್ದರು. ಜೇಡರಬಲೆ ತೆಗೆಯಲು ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿದವರು, ಸೊಳ್ಳೆ ಹೊಡೆಯಲು ಹೋಗಿ ಸ್ವಂತ ಮೂಗು ಜಜ್ಜಿಕೊಂಡವರು, ನಿದ್ದೆಯಲ್ಲಿ ಉರುಳಿಬಿದ್ದು ಮಂಚದ ಮೇಲೆಯೇ ದೂರು ಬರೆದವರು. ಇಷ್ಟನ್ನು ಓದಿದವನಿಗೆ ಲೋಕವೆಂಬುದು ಎಣ್ಣೆ ಚೆಲ್ಲಿದ ಮೆಟ್ಟಿಲಿನಂತೆ ಕಂಡರೆ ಆಶ್ಚರ್ಯವೇನು?

ಆದರೂ ಅವರು ಊರಿನ ಸ್ಕೌಟ್ ದಳದ ಮಾಸ್ತರಾದರು. ಮಕ್ಕಳು ಎಲ್ಲಿಯಾದರೂ ಬೀಳುವವರೇ. ತಮ್ಮ ಕಣ್ಣೆದುರಿಗೆ ಬೀಳಲಿ ಎಂಬುದು ಅವರ ವಾದ. ೧೯೮೭ನೆಯ ಇಸವಿ ಮಾರ್ಚ್ ಒಂಬತ್ತು, ಸೋಮವಾರ ಸಂಜೆಯವರೆಗೆ ಯಾರೂ ಬೀಳಲೂ ಇಲ್ಲ. ಆ ಸಂಜೆ ಒಬ್ಬ ಹುಡುಗ ಶಿಬಿರಾಗ್ನಿಯನ್ನು ಊದಲು ಬಗ್ಗಿ ಎಡಗಡೆಯ ಹುಬ್ಬನ್ನು ಸುಟ್ಟುಕೊಂಡ. ಹುಬ್ಬು ಮರಳಿ ಬಂತು, ಮೊದಲಿಗಿಂತ ಸೊಂಪಾಗಿಯೇ ಬಂತು. ಹುಡುಗ ಬೆಳೆದು ಬೇಕರಿ ಇಟ್ಟು, ಬೆಳಗಿನಿಂದ ಸಂಜೆಯವರೆಗೆ ಒಲೆಯ ಬಾಯಿಗೇ ಮುಖವೊಡ್ಡಿ ಬದುಕು ಕಟ್ಟಿಕೊಂಡ. ಮಾಸ್ತರ ಎದೆಯಲ್ಲಿ ಮಾತ್ರ ಆ ಹುಬ್ಬು ಇನ್ನೂ ಹೊಗೆಯಾಡುತ್ತಿತ್ತು.

ಅಂದಿನಿಂದ ದಳದಲ್ಲಿ ಬೆಂಕಿಗೆ ಬಹಿಷ್ಕಾರ. ಶಿಬಿರಾಗ್ನಿಯ ಜಾಗದಲ್ಲಿ ಒಂದು ಕೆಂಪು ಬಲ್ಬು. ಸುತ್ತ ನಾಲ್ಕು ಕೊರಡು. ಕೊರಡುಗಳಿಗೆ ಅಂಟಿಸಿದ ಕಿತ್ತಳೆ ಬಣ್ಣದ ಕಾಗದದ ಪಟ್ಟಿಗಳು. ಆ ಪಟ್ಟಿಗಳು ಜ್ವಾಲೆಯಂತೆ ಕುಣಿಯಲೆಂದು ಹಿಂದೊಂದು ಟೇಬಲ್ ಫ್ಯಾನು. ಮಕ್ಕಳು ಸುತ್ತಲೂ ಕುಳಿತು ಹಾಡುತ್ತಿದ್ದರು. ಫ್ಯಾನಿನ ಗಾಳಿಗೆ ಶಿಬಿರಾಗ್ನಿಯ ಮುಂದೆ ಚಳಿಯಾಗುತ್ತಿತ್ತು. ಕರೆಂಟು ಹೋದರೆ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ವರ್ಷ ಕಳೆದಂತೆ ಮಕ್ಕಳ ಸಂಖ್ಯೆಯೂ ಇಳಿದು, ಕೊನೆಗೆ ಒಂದೇ ಒಂದು ತುಕಡಿ ಉಳಿಯಿತು. ಅದರ ನಾಯಕಿ ಮಾಸ್ತರ ಮೊಮ್ಮಗಳು. ಹನ್ನೆರಡರ ಪ್ರಾಯ, ನಾಲಿಗೆ ಮಾತ್ರ ನಲವತ್ತರದು.

೨೦೧೧ರ ಅಕ್ಟೋಬರ್ ತಿಂಗಳಲ್ಲಿ ಎರಡು ಹೊರದೇಶಗಳ ಸ್ಕೌಟ್ ದಳಗಳು ಮೂರು ದಿನಗಳ ಶಿಬಿರಕ್ಕೆ ಬರುವುದೆಂದು ಗೊತ್ತಾಯಿತು. ಶಿಬಿರದ ಹಿಂದಿನ ವಾರ, ಊಟಕ್ಕೆ ಕುಳಿತಾಗ ಮೊಮ್ಮಗಳು ಕೇಳಿದಳು.

“ತಾತ, ಈ ಸಲ ನಿಜವಾದ ಬೆಂಕಿ ಹಚ್ತೀವಾ?”

“ಹೊಸ ಬಲ್ಬು ತಂದಿದೀನಿ. ಹಳೇದಕ್ಕಿಂತ ಕೆಂಪಗಿದೆ.”

“ಬಲ್ಬಲ್ಲ, ಬೆಂಕಿ. ನನ್ನ ಕೈಯಾರೆ ಹಚ್ಚಬೇಕು. ಇಲ್ಲಾಂದ್ರೆ ಶಿಬಿರ ಮುಗಿದ ದಿನಾನೇ ಸ್ಕಾರ್ಫು ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ. ಮಿಕ್ಕೋರೂ ಕೊಡ್ತಾರೆ. ಮಾತಾಡ್ಕೊಂಡಾಗಿದೆ.”

“ತಾತನ್ನೇ ಹೆದರಿಸ್ತೀಯಾ?”

“ಇಲ್ಲಪ್ಪ, ಮುನ್ನೆಚ್ಚರಿಕೆ ಕೊಡ್ತಿದೀನಿ. ನೀನೇ ಕಲಿಸಿದ್ದು.”

ಒಲೆಯ ಕಡೆಯಿಂದ ಮಾಸ್ತರ ಹೆಂಡತಿಯ ದನಿ ಬಂತು. “ಕೊಡಿ ರೀ ಆ ಮಗೂಗೆ ಒಂದು ಬೆಂಕಿಕಡ್ಡಿ. ನಾನು ಮದುವೆಯಾದಾಗಿಂದ ದಿನಾ ಬೆಂಕಿ ಹಚ್ತಾನೇ ಇದೀನಿ. ಬಂದು ಎಣಿಸಿಕೊಳ್ಳಿ, ಎರಡು ಹುಬ್ಬೂ ಇವೆ.”

“ನಿನ್ನ ಮಾತು ಬೇರೆ.”

“ಬೇರೆ ಹೇಗೆ?”

“ನಿನ್ನ ಹೆಸರಲ್ಲಿ ಪಾಲಿಸಿ ಇದೆ.”

ಅಂದು ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಮಾಸ್ತರು ಕೇಳುವ ಧೈರ್ಯ ಮಾಡಲಿಲ್ಲ. ಉಪ್ಪಿಲ್ಲದ ಸಾರಿಗಿಂತ ಮೊಮ್ಮಗಳ ಮಾತು ಹೆಚ್ಚು ಕುಟುಕಿತು. ಅವಳು ಸ್ಕಾರ್ಫು ಬಿಚ್ಚಿದರೆ ದಳವೇ ಬಿಚ್ಚಿಹೋದಂತೆ. ಉಳಿಯುವುದು ತಾವು, ಒಂದು ಸೀಟಿ, ಒಂದು ಟೇಬಲ್ ಫ್ಯಾನು.

ಅಷ್ಟರಲ್ಲಿ ಅತಿಥಿಗಳ ಭಾವಚಿತ್ರ ಬಂದು, ಉರಿಯುವ ಮನಸ್ಸಿಗೆ ತುಪ್ಪ ಸುರಿಯಿತು. ಹಿಮ ಬೀಳುವ ಯಾವುದೋ ನಾಡಿನ ಮಕ್ಕಳು ಸಾಲಾಗಿ ನಿಂತು ವಂದನೆ ಸಲ್ಲಿಸುತ್ತಿದ್ದರು. ಪ್ರತಿಯೊಬ್ಬರ ಸೊಂಟದಲ್ಲೂ ಒರೆಯೊಳಗಿನ ಚಾಕು. ಮಾಸ್ತರು ಭೂತಗನ್ನಡಿ ತರಿಸಿದರು. ಸ್ಕೌಟ್ ವಂದನೆಗೆ ಮೂರು ಬೆರಳು ಎತ್ತಬೇಕಷ್ಟೆ. ಈ ಮಕ್ಕಳು ಎತ್ತಿದ್ದು ಎರಡು. ಒಬ್ಬರಲ್ಲ, ಇಬ್ಬರಲ್ಲ, ಸಾಲಿಗೆ ಸಾಲೇ ಎರಡೆರಡು.

“ನೋಡಿದೆಯಾ?” ಎಂದು ಹೆಂಡತಿಗೆ ತೋರಿಸಿದರು. “ಮಕ್ಕಳ ಕೈಗೆ ಚಾಕು ಕೊಟ್ಟರೆ ಇದೇ ಆಗೋದು. ಮೂರನೇದು ಎಲ್ಲಿ?”

“ಎಲ್ಲಾ ಮಕ್ಕಳಿಗೂ ಒಂದೇ ಬೆರಳು ಹೋಗಿರುತ್ತೇನ್ರೀ?”

“ಒಂದೇ ಥರದ ಚಾಕು. ಒಂದೇ ಥರದ ಗಾಯ. ನನ್ನ ಅನುಭವದಲ್ಲಿ ಹೀಗೇ ಆಗೋದು.”

ಅಕ್ಟೋಬರ್ ಹದಿನಾಲ್ಕು, ಶುಕ್ರವಾರ, ಊರಾಚೆಯ ಹಳೆಯ ಇಟ್ಟಿಗೆ ಕಾರ್ಖಾನೆಯ ಬಯಲಿಗೆ ಅತಿಥಿಗಳು ಬಂದಿಳಿದರು. ಹಿಮದ ನಾಡಿನ ದಳದ ಸಮವಸ್ತ್ರ ಸ್ಕಾರ್ಫಿನಲ್ಲಿ ಆರಂಭವಾಗಿ ಸ್ಕಾರ್ಫಿನಲ್ಲೇ ಮುಗಿಯುತ್ತಿತ್ತು. ಅದರ ಕೆಳಗೆ ಯಾರಿಗೆ ಏನು ಸಿಕ್ಕಿತೋ ಅದು. ಒಬ್ಬನ ಚಡ್ಡಿಗೆ ಮೂರು ದೇಶಗಳ ಮಣ್ಣು ಮೆತ್ತಿತ್ತು. ಅವರ ನಾಯಕಿ ಅಗಲ ಮೈಕಟ್ಟಿನ ಹೆಂಗಸು; ನಡೆಯುವಾಗಲೂ ಉಣ್ಣೆ ಹೆಣೆಯುತ್ತಿದ್ದರು. ನಮ್ಮ ಮಕ್ಕಳು ಕೂಡಲೇ ಅವರನ್ನು ‘ಉಣ್ಣೆ ಅಕ್ಕ’ ಮಾಡಿದರು. ಇನ್ನೊಂದು ದಳ ದ್ವೀಪವೊಂದರಿಂದ ಬಂದಿತ್ತು: ಗೆರೆ ಕೆಡದ ಇಸ್ತ್ರಿ, ಮೊಣಕೈವರೆಗೆ ಪದಕಗಳು, ಎಲ್ಲದರ ಮೇಲೂ ಹಳದಿ ಅಂಗಿ. ಮರದ ನೆರಳಿಗೆ ಕುಳಿತುಕೊಳ್ಳುವ ಮುನ್ನ ಅವರ ಮಕ್ಕಳು ಹೆಲ್ಮೆಟ್ ಧರಿಸಿದರು. ಎಲೆ ಉದುರುವ ಕಾಲವಂತೆ. ಅವರ ನಾಯಕರಿಗೆ ‘ಹೆಲ್ಮೆಟ್ ಸಾಹೇಬರು’ ಎಂಬ ಹೆಸರು ತಾನಾಗಿಯೇ ಬಂತು. ಮಾಸ್ತರಿಗೆ ಅವರನ್ನು ಕಂಡು ಕಳೆದುಹೋದ ತಮ್ಮ ಸಿಕ್ಕಿದಷ್ಟು ಸಂತೋಷವಾಯಿತು.

ಎಲ್ಲರೂ ಎಡಗೈ ಕುಲುಕಿದರು. ಅದೊಂದು ಪದ್ಧತಿ ಮೂರೂ ದೇಶಗಳಿಗೆ ಒಂದೇ ಆಗಿತ್ತು. ಹಿಮದ ಮಕ್ಕಳ ಎಡಗೈಯನ್ನು ಕುಲುಕುತ್ತಲೇ ಮಾಸ್ತರು ಬಲಗೈಯ ಬೆರಳುಗಳನ್ನು ಎಣಿಸಿದರು. ಎಲ್ಲವೂ ಇದ್ದವು. ಮತ್ತೊಮ್ಮೆ ಎಣಿಸಿದರು. ನಂಬಿಕೆ ಬರದೆ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಿಂದ ದುಭಾಷಿಯಾಗಿದ್ದ ಮೊಮ್ಮಗಳಿಗೆ ಹೇಳಿದರು.

“ಆ ಅಕ್ಕನ್ನ ಕೇಳು, ಈ ಚಾಕುಗಳಿಂದ ಇದುವರೆಗೆ ಎಷ್ಟು ಬೆರಳು ಹೋಗಿವೆ ಅಂತ. ಮರ್ಯಾದೆಯಿಂದ ಕೇಳು.”

ಮೊಮ್ಮಗಳು ಕೇಳಿದಳು. ಉಣ್ಣೆ ಅಕ್ಕ ಕಡ್ಡಿಗಳನ್ನು ನಿಲ್ಲಿಸದೆ ಉತ್ತರಿಸಿದರು.

“ಬೆರಳು ಒಂದೂ ಹೋಗಿಲ್ವಂತೆ ತಾತ. ಚಾಕುಗಳೇ ತುಂಬಾ ಹೋಗಿವೆಯಂತೆ. ಹುಡುಗರು ಎಲ್ಲೆಲ್ಲೋ ಮರೆತು ಬರ್ತಾರಂತೆ.”

“ಹಾಗಾದ್ರೆ ಎರಡೇ ಬೆರಳಲ್ಲಿ ವಂದನೆ ಯಾಕೆ?”

“ಅವರಲ್ಲಿ ಹಾಗೇ ಪದ್ಧತಿಯಂತೆ. ನೀವು ಮೂರೇ ಎತ್ತುತ್ತೀರಲ್ಲ, ನಾಲ್ಕನೇದು ಏನಾಯ್ತು ಅಂತ ಅವರು ಕೇಳ್ತಿದಾರೆ.”

ಮಾಸ್ತರು ವಿಷಯ ಬದಲಿಸಿ, ತಮ್ಮ ಹೆಮ್ಮೆಯ ಶಿಬಿರಾಗ್ನಿಯನ್ನು ತೋರಿಸಲು ಹೆಲ್ಮೆಟ್ ಸಾಹೇಬರನ್ನು ಕರೆದೊಯ್ದರು. ಬಲ್ಬು ಬೆಳಗಿತು, ಫ್ಯಾನು ತಿರುಗಿತು, ಕಾಗದ ಕುಣಿಯಿತು. ಸಾಹೇಬರ ಮುಖ ಬಿಳಿಚಿಕೊಂಡಿತು. ಅವರು ಮಕ್ಕಳನ್ನು ಹಿಂದೆ ಸರಿಸಿ, ಬಲ್ಬಿನ ಸುತ್ತ ಹಳದಿ ಪಟ್ಟಿ ಎಳೆದು, ಬಹಳ ಹೊತ್ತು ಮಾತನಾಡಿದರು.

“ಏನಂತೆ? ಮೆಚ್ಚಿದರಾ?”

“ಬಿಸಿ ಬಲ್ಬಿಗೆ ಕಾಗದ ತಾಗಿಸಿದೀರಿ, ಒದ್ದೆ ನೆಲದ ಮೇಲೆ ವೈರು ಎಳೆದಿದೀರಿ, ಇಷ್ಟು ಅಪಾಯದ ಶಿಬಿರಾಗ್ನಿ ಜನ್ಮದಲ್ಲಿ ನೋಡಿಲ್ವಂತೆ. ಅವರ ದೇಶದಲ್ಲಿ ನೀರು, ಮರಳು, ಕಂಬಳಿ ಎಲ್ಲ ಸಿದ್ಧ ಮಾಡ್ಕೊಂಡು ನಿಜವಾದ ಬೆಂಕೀನೇ ಹಚ್ಚೋದಂತೆ.”

“ಕೊನೇ ಮಾತು ನೀನೇ ಸೇರಿಸಿದ್ದು.”

“ಆಣೆಗೂ ಇಲ್ಲ ತಾತ. ಸೇರಿಸಬೇಕು ಅಂದ್ಕೊಂಡೆ, ಅಷ್ಟರಲ್ಲಿ ಅವರೇ ಹೇಳಿಬಿಟ್ಟರು.”

ಕಳೆದುಹೋದ ತಮ್ಮ ಸಿಕ್ಕಿದ ಕೂಡಲೇ ಆಸ್ತಿಯಲ್ಲಿ ಪಾಲು ಕೇಳಿದಂತಾಯಿತು. ಮಾನ ಉಳಿಸಿಕೊಳ್ಳಲು ಮಾಸ್ತರಿಗೆ ಇದ್ದದ್ದು ಇನ್ನೊಂದೇ ಅಸ್ತ್ರ: ಹಗ್ಗದ ಸೇತುವೆ.

ಎರಡು ಮರಗಳ ನಡುವೆ ಮೊಣಕಾಲೆತ್ತರಕ್ಕೆ ಕಟ್ಟಿದ ಆ ಸೇತುವೆಯಿಂದ ಬಿದ್ದರೆ ಹುಲ್ಲಿಗೂ ನೋವಾಗುತ್ತಿರಲಿಲ್ಲ. ಆದರೂ ಅದನ್ನು ದಾಟುವವರ ಸೊಂಟಕ್ಕೊಂದು, ಎದೆಗೊಂದು, ಹೆಗಲಿಗೊಂದು ಹಗ್ಗ. ಮೂರೂ ಮೇಲಿನ ಕೊಂಬೆಗೆ. ಗಂಟು ಹಾಕಿದ ಮೇಲೆ ಅದಕ್ಕೆ ಒಂದು ಚೊಂಬು ನೀರು ಹೊಯ್ಯುವುದು ಮಾಸ್ತರ ಸ್ವಂತ ಕ್ರಮ. ನೀರು ಕುಡಿದ ನಾರಿನ ಹಗ್ಗ ಉಬ್ಬಿ, ಗಂಟು ಕಲ್ಲಾಗುತ್ತದೆ. ಇತರ ದಳಗಳಲ್ಲಿ ಗಂಟು ಸಡಿಲವಾಗದಂತೆ ಕಲಿಸುತ್ತಾರೆ. ಮಾಸ್ತರ ದಳದಲ್ಲಿ ಗಂಟಿಗೆ ಸಡಿಲವಾಗುವ ಆಸೆಯೇ ಹುಟ್ಟದಂತೆ ಕಲಿಸುತ್ತಿದ್ದರು.

ಅವರು ತಾವೇ ಹತ್ತಿದರು. ಎರಡು ಹೆಜ್ಜೆ ಗಂಭೀರವಾಗಿ ಇಟ್ಟು, ಮೂರನೆಯದರಲ್ಲಿ ವಂದನೆ ಸಲ್ಲಿಸಲು ಕೈಯೆತ್ತಿದರು, ಕಾಲು ಜಾರಿತು. ಹಗ್ಗಗಳು ತಮ್ಮ ಕರ್ತವ್ಯ ಮಾಡಿದವು. ಮಾಸ್ತರು ನೆಲದಿಂದ ಎರಡು ಗೇಣು ಮೇಲೆ, ಬೋರಲಾಗಿ, ತೊಟ್ಟಿಲ ಕೂಸಿನಂತೆ ತೂಗಾಡಿದರು. ಒಂದು ಇರುವೆ ಸಾಲು ಅವರ ಮೂಗಿನ ಕೆಳಗೇ ಹಾದುಹೋಯಿತು.

“ಯಾರೂ ಗಾಬರಿಯಾಗಬೇಡಿ. ಗಂಟು ಬಿಚ್ಚಿ. ಜೋಪಾನ.”

ಗಂಟು ಬಿಚ್ಚಲಿಲ್ಲ. ಮಕ್ಕಳು ಉಗುರು ಹಾಕಿದರು, ಹಲ್ಲು ಹಾಕಿದರು. ಹೆಲ್ಮೆಟ್ ಸಾಹೇಬರು ಓಡಿಬಂದು, ಮೊದಲು ಮಾಸ್ತರ ತಲೆಗೊಂದು ಹೆಲ್ಮೆಟ್ ಸಿಕ್ಕಿಸಿ, ಬಳಿಕ ಅವರ ಸುತ್ತ ಹಳದಿ ಪಟ್ಟಿ ಎಳೆದರು. ಉಣ್ಣೆ ಅಕ್ಕ ದೂರದಲ್ಲೇ ಕುಳಿತು, ಒಂದು ಸಾಲು ಹೆಣೆದು ಏನೋ ಹೇಳಿದರು.

“ಏನಂತೆ ಅವರದು?”

“ತಾನಾಗಿ ಸಿಕ್ಕಿಹಾಕ್ಕೊಂಡವನು ತಾನಾಗೇ ಬಿಡಿಸ್ಕೊಂಡರೆ ಚೆನ್ನಾಗಿ ಕಲೀತಾನಂತೆ. ಅವರಲ್ಲಿ ಮಕ್ಕಳನ್ನ ಹಾಗೇ ಬೆಳೆಸೋದಂತೆ.”

“ನನಗೆ ಅರವತ್ತೈದಾಯ್ತು ಅನ್ನು.”

“ಅಂದೆ. ಕಲಿಯೋಕೆ ವಯಸ್ಸಿಲ್ಲ ಅಂದರು.”

ಕೊನೆಗೆ ಅನ್ನ ಬೇಯಿಸುವ ದೊಡ್ಡ ಪಾತ್ರೆಯೊಂದನ್ನು ಬೋರಲು ಹಾಕಿ ಮಾಸ್ತರನ್ನು ಅದರ ಮೇಲೆ ನಿಲ್ಲಿಸಿದರು. ಮೈ ನೆಟ್ಟಗಾಯಿತೇ ಹೊರತು ಬಿಡುಗಡೆಯಾಗಲಿಲ್ಲ. ಗೂಟಕ್ಕೆ ಕಟ್ಟಿದ ಕರುವಿಗೆ ನಿಂತರೇನು, ಮಲಗಿದರೇನು? ಸೂರ್ಯ ಇಳಿಯುತ್ತಿದ್ದ. ಹಿಮದ ನಾಡಿನ ಪುಟ್ಟ ಹುಡುಗಿಯೊಬ್ಬಳು ಒರೆಯಿಂದ ಚಾಕು ಎಳೆದು, ಬಹಳ ವಿನಯದಿಂದ ಹತ್ತಿರ ಬಂದಳು.

“ಬೇಡ!” ಎಂದರು ಮಾಸ್ತರು. “ಈ ಹಗ್ಗ ದಳದ ಆಸ್ತಿ, ೧೯೭೯ನೇ ಇಸವೀದು. ಸ್ಕೌಟ್ ಆದವನು ಗಂಟು ಬಿಚ್ಚಬೇಕು, ಕತ್ತರಿಸಬಾರದು. ಅದೂ ಅಲ್ಲದೆ ಚಾಕು ನನ್ನ ಹೊಟ್ಟೆ ಹತ್ತಿರ.”

“ಹಾಗಾದ್ರೆ ಒಣಗೋವರೆಗೆ ನಿಂತಿರು,” ಎಂದಳು ಮೊಮ್ಮಗಳು. “ನಾಳೆ ಬಿಸಿಲು ಬರುತ್ತಲ್ಲ.”

“ನಾಳೆಯಾ?”

“ಬೇಗ ಒಣಗಬೇಕಂದ್ರೆ ಶಾಖ ಬೇಕು. ಕೆಂಪು ಬಲ್ಬು ಹಿಡೀಲಾ?”

ಮಾಸ್ತರು ಮೊಮ್ಮಗಳ ಮುಖ ನೋಡಿದರು. ಅವಳು ನಗುತ್ತಿರಲಿಲ್ಲ. ಕುತ್ತಿಗೆಯ ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ಅಪಘಾತ ವಿಭಾಗದ ಮೇಜು ಅವರ ಮನಸ್ಸಿನೊಳಗೆ ತೆರೆದುಕೊಂಡಿತು. ಒಂದು ಪಕ್ಕ, ಜೀವಮಾನದಲ್ಲಿ ಕಂಡ ಬೆಂಕಿಯ ನಷ್ಟ: ಒಂದು ಹುಬ್ಬು, ಅದೂ ವಾಪಸು ಬಂದದ್ದು. ಇನ್ನೊಂದು ಪಕ್ಕ, ಜೋಪಾನದ ನಷ್ಟ: ಪಾತ್ರೆಯ ಮೇಲೆ ಕಟ್ಟಿಹಾಕಿಸಿಕೊಂಡು ನಿಂತ ತಾವೇ.

“ಹಚ್ಚು,” ಎಂದರು.

“ಏನಂದೆ?”

“ಹಚ್ಚು ಅಂದೆ. ಕಿವಿ ಕೇಳಲ್ವಾ?”

ಚಾಕುವಿನ ಹುಡುಗಿ ಬೆಂಕಿ ಹೊತ್ತಿಸುವ ಲೋಹದ ಕಡ್ಡಿಯೊಂದನ್ನು ಕೊಟ್ಟು, ಚಾಕುವಿನ ಬೆನ್ನಿಗೆ ಉಜ್ಜಿ ಕಿಡಿ ಹಾರಿಸುವುದನ್ನು ತೋರಿಸಿದಳು. ಹೆಲ್ಮೆಟ್ ಸಾಹೇಬರು ನೀರಿನ ಬಕೆಟ್ಟುಗಳನ್ನೂ ಮರಳಿನ ಚೀಲವನ್ನೂ ಒದ್ದೆ ಕಂಬಳಿಯನ್ನೂ ಸುತ್ತಲೂ ಇಡಿಸಿ, ತಾವೂ ಒಂದು ಬಕೆಟ್ ಹಿಡಿದು ನಿಂತರು. ಬಲ್ಬಿನ ಅಲಂಕಾರಕ್ಕೆಂದು ವರ್ಷಗಟ್ಟಲೆ ನೆರಳಲ್ಲಿ ಒಣಗಿದ್ದ ನಾಲ್ಕು ಕೊರಡುಗಳು ಕೊನೆಗೂ ಹುಟ್ಟಿದ್ದಕ್ಕೆ ಸಾರ್ಥಕವಾಗುವ ಸಮಯ ಬಂತು; ಮಕ್ಕಳು ಅವನ್ನು ಕಾಗದದ ಸಮೇತ ತಂದು ಪಾತ್ರೆಯಿಂದ ಒಂದು ಮಾರು ದೂರದಲ್ಲಿ ಒಟ್ಟಿದರು. ಮೊಮ್ಮಗಳು ಉಜ್ಜಿದಳು. ಕಿಡಿ ಹಾರಿ ಸತ್ತಿತು. ಮತ್ತೆ ಉಜ್ಜಿದಳು. ಹತ್ತಾರು ಸಲ ಸೋತ ಮೇಲೆ ಕಿತ್ತಳೆ ಕಾಗದದ ಚೂರೊಂದು ಮುದುಡಿ, ಹೊಗೆಯಾಡಿತು, ಆದರೆ ಉರಿಯಲಿಲ್ಲ.

“ಊದಬೇಕು,” ಎಂದರು ಪಾತ್ರೆಯ ಮೇಲಿನಿಂದ ಮಾಸ್ತರು, ತಡೆಯಲಾರದೆ. “ಕೆಳಗಿಂದ ಊದು. ಮುಖ ಹಿಂದೆ. ಇನ್ನೂ ಹಿಂದೆ. ಹಾಂ, ಹಾಗೆ.”

ಬೆಂಕಿ ಹತ್ತಿತು.

ಇಪ್ಪತ್ತನಾಲ್ಕು ವರ್ಷಗಳ ಬಳಿಕ ಆ ದಳದ ಮೊದಲ ಶಿಬಿರಾಗ್ನಿ ಹೀಗೆ ನಡೆಯಿತು: ಮೂರು ದೇಶಗಳ ಮಕ್ಕಳು ಸುತ್ತ ಕುಳಿತು ಹಾಡುತ್ತಿದ್ದರು, ಮಾಸ್ತರು ಹೆಲ್ಮೆಟ್ ಧರಿಸಿ, ಪಾತ್ರೆಯ ಮೇಲೆ ನಿಂತು, ಬೆನ್ನಿನ ಗಂಟು ಒಣಗಲೆಂದು ಬೆಂಕಿಗೆ ಬೆನ್ನು ಕೊಟ್ಟಿದ್ದರು, ಎದೆಯ ಗಂಟಿನ ಸರದಿ ಬಂದಾಗ ಮೊಮ್ಮಗಳ ಸೂಚನೆಯಂತೆ ಮೆಲ್ಲಗೆ ತಿರುಗುತ್ತಿದ್ದರು. ಉಣ್ಣೆ ಅಕ್ಕ ಒಮ್ಮೆ ಎದ್ದು ಬಂದು, ಬೆಂದಿದ್ದಾರೆಯೇ ಎಂದು ನೋಡುವವರಂತೆ ಅವರ ತೋಳು ಮುಟ್ಟಿ ಹೋದರು. ಹಗ್ಗ ಒಣಗಿ ಕುಗ್ಗಿದಾಗ ಮೊಮ್ಮಗಳು ಗುಡಾರದ ಗೂಟದ ತುದಿಯಿಂದ ಗಂಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಒಂದನ್ನೂ ಕತ್ತರಿಸಲಿಲ್ಲ.

ಪಾತ್ರೆಯಿಂದ ಇಳಿದ ಮಾಸ್ತರು ಬೆಂಕಿಯ ಬಳಿಗೇ ಹೋದರು. ಒಂದು ಕೊರಡು ಮಂಕಾಗಿತ್ತು. ಬಗ್ಗಿ ಊದಿದರು. ಬೆಂಕಿ ಪ್ರತಿಯಾಗಿ ಊದಿತು.

ಭಾನುವಾರ ಸಂಜೆ ಮಾಸ್ತರು ಮನೆಗೆ ಮರಳಿದಾಗ ಹೆಂಡತಿ ಬಾಗಿಲಲ್ಲೇ ತಡೆದು, ಅವರ ಗದ್ದ ಹಿಡಿದು ದೀಪದ ಬೆಳಕಿಗೆ ತಿರುಗಿಸಿದರು.

“ಎಡಗಡೇದು ಎಲ್ಲಿ?”

“ಬರುತ್ತೆ,” ಎಂದರು ಮಾಸ್ತರು. “ಬೇಕರಿಯವನನ್ನ ದಾರೀಲಿ ಕೇಳ್ಕೊಂಡೇ ಬಂದೆ. ಸೊಂಪಾಗಿ ಬರುತ್ತಂತೆ.”

ಮೊಮ್ಮಗಳು ಹಿಂದೆಯೇ ಒಳಬಂದಳು. ಸ್ಕಾರ್ಫು ಕುತ್ತಿಗೆಯಲ್ಲೇ ಇತ್ತು, ಹೊಗೆಯ ವಾಸನೆ ಹೊಡೆಯುತ್ತಿತ್ತು. ಒಗೆಯಲು ಕೊಡು ಎಂದು ಅಜ್ಜಿ ಕೈ ಚಾಚಿದರೂ ಅವಳು ಕೊಡಲಿಲ್ಲ. ಕೆಂಪು ಬಲ್ಬನ್ನು ಮಾಸ್ತರು ಅಂದೇ ಬಚ್ಚಲಿಗೆ ಹಾಕಿಸಿದರು. ಬಲ್ಬು ಸಿಕ್ಕಿಸಲು ಮೊಮ್ಮಗಳು ಸ್ಟೂಲು ಹತ್ತಿದಾಗ ಅವರು ಬಾಯಿ ತೆರೆದರು, ಮುಚ್ಚಿಕೊಂಡರು. ಸುಮ್ಮನೆ ಸ್ಟೂಲಿನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.