ನಾಳಿದ್ದಕ್ಕನ ಮಹಡಿ

ನನ್ನ ನಾದಿನಿಗೆ ಊರವರು ಇಟ್ಟ ಹೆಸರು ನಾಳಿದ್ದಕ್ಕ. ಹೊಲಿಗೆಯಲ್ಲಿ ಅವಳಿಗೆ ಸರಿಸಾಟಿಯಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದೂ ಇಲ್ಲ. ಯಾರು ಬಂದು ಕೇಳಿದರೂ ಮೆಷಿನ್ನಿನಿಂದ ತಲೆ ಎತ್ತದೆ "ನಾಳಿದ್ದು" ಎನ್ನುತ್ತಾಳೆ. ಅಣ್ಣನಿಗೆಂದು ಅಳತೆ ಕೊಟ್ಟ ಅಂಗಿ ಕೈಗೆ ಬರುವ ಹೊತ್ತಿಗೆ ತಮ್ಮನಿಗೆ ಸರಿಹೋದದ್ದುಂಟು.

ಪುರಸಭೆಯ ಹಳೇ ಕಟ್ಟಡ ದಿಣ್ಣೆಯ ಮೇಲಿದೆ. ಅದರ ಮಹಡಿಯಲ್ಲಿ ಅವಳ ಅಂಗಡಿ. ಅಗಲವಾದ ಮೆಟ್ಟಿಲು, ಉದ್ದನೆಯ ಹಜಾರ, ಗೋಡೆಯುದ್ದಕ್ಕೂ ತೋಳಿಲ್ಲದ ಅಂಗಿಗಳು, ಕಾಲರಿಲ್ಲದ ಶರಟುಗಳು. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಓದಿಸಿ ದಡ ಸೇರಿಸಿದ್ದು ಇಲ್ಲೇ ಪೆಡಲು ತುಳಿದು. ನಾನು ಕಿಟಕಿಯ ಬಳಿ ಕೂತು ಕಾಜ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ. ಕೈಗೆ ಕೆಲಸ, ಕಿವಿಗೆ ಬಿಡುವು.

ಹೋದ ವರ್ಷ ಹೊಳೆ ಊರೊಳಗೆ ಬಂತು. ನೀರು ಇಳಿದ ಮೇಲೆ ಪುರಸಭೆಗೆ ಎಚ್ಚರವಾಯಿತು; ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಇನ್ನೊಮ್ಮೆ ನೀರು ಬಂದರೆ ಜನ ಬಂದು ಸೇರಲು, ಊಟ, ಔಷಧಿ, ಹಾಸಿಗೆ ಸಿಗಲು ಒಂದು ಪರಿಹಾರ ಕೇಂದ್ರ ಬೇಕೆಂದಾಯಿತು. ಜಾಗ ಹುಡುಕಲು ಸಮಿತಿಯಾಯಿತು. ಸಮಿತಿ ಕೂರಲು ಜಾಗ ಬೇಡವೇ? ಮಹಡಿ ಖಾಲಿ ಮಾಡಬೇಕೆಂದು ನಾದಿನಿಗೆ ನೋಟಿಸು ಬಂತು.

"ಅತ್ತಿಗೆ, ಜಾಗ ಹುಡುಕೋರಿಗೆ ಜಾಗ ಬೇಕಂತೆ. ಅದಕ್ಕೆ ನನ್ನ ಜಾಗ ಹೋಗ್ಬೇಕಂತೆ."

"ಏನಂದೆ ಮತ್ತೆ?"

"ಇನ್ನೇನನ್ಲಿ? ನಾಳಿದ್ದು ಖಾಲಿ ಮಾಡ್ತೀನಿ ಅಂದೆ."

ನಗುತ್ತಲೇ ಅಂದಳು. ಆದರೆ ಪೇಟೆಯ ಬಾಡಿಗೆ ಕೊಡುವ ತಾಕತ್ತು ಅವಳಿಗಿಲ್ಲ. ಈ ಮಹಡಿ ಹೋದರೆ ಮೆಷಿನ್ನೂ ನಿಂತಂತೆಯೇ.

ಸಮಿತಿಯ ಅಧ್ಯಕ್ಷರು ಉದ್ಘಾಟನೆಗೆಂದು ಅವಳ ಹತ್ತಿರವೇ ಕೋಟು ಹೊಲಿಯಲು ಕೊಟ್ಟಿದ್ದರು. ಕೇಂದ್ರ ಎಲ್ಲೆಂದು ಗೊತ್ತಿಲ್ಲ, ಕೋಟಿನ ಬಣ್ಣ ಮಾತ್ರ ಗಟ್ಟಿಯಾಗಿತ್ತು. ಒಂದು ದಿನ ಕೋಟು ಕೇಳಲು ಬಂದವರು ಸಮಿತಿಯ ಗುತ್ತಿಗೆದಾರನನ್ನೂ ಆಸ್ಪತ್ರೆಯ ನರ್ಸಮ್ಮನನ್ನೂ ಜೊತೆಗೆ ಕರೆತಂದು ಇಲ್ಲೇ ವಾದಕ್ಕೆ ನಿಂತರು.

"ನಮ್ಮ ಭಾವಮೈದುನನ ಬಯಲು ಇದೆಯಲ್ಲ, ಅದೇ ಸರಿ," ಎಂದರು ಅಧ್ಯಕ್ಷರು.

"ಸಾರ್, ಹೋದ್ಸಲ ಅಲ್ಲಿ ಎದೆಮಟ್ಟ ನೀರಿತ್ತು," ಎಂದಳು ನರ್ಸಮ್ಮ.

"ಅದಕ್ಕೇ ಅಮ್ಮಾ, ನೀರಿನ ಸೌಕರ್ಯ ಇದೆ ಅಂತ ಬರೆಸಿದೀನಿ."

"ನನ್ನ ಗೋದಾಮು ತಗೊಳ್ಳಿ ಸಾರ್, ಗಾಳಿ ಬೆಳಕಿಗೆ ಬರ ಇಲ್ಲ," ಎಂದ ಗುತ್ತಿಗೆದಾರ.

"ಹೌದೌದು, ಸೂರೇ ಇಲ್ವಲ್ಲ!" ಎಂದು ನಾದಿನಿ ಮೆಷಿನ್ನಿನ ಹಿಂದಿನಿಂದಲೇ ಕುಟುಕಿದಳು.

ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ. ಇವರು ಹೊಳೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಳೆದರು. ಕೊನೆಗೂ ಒಪ್ಪಂದವಾಗದೆ ಅಧ್ಯಕ್ಷರೇ ತೀರ್ಪು ಕೊಟ್ಟರು: "ಸೈರನ್ ಕೂಗಿಸೋಣ. ನೀರು ಬಂತು ಅಂದ್ಕೊಂಡು ಜನ ಎಲ್ಲಿಗೆ ಓಡ್ತಾರೋ ಅದೇ ಕೇಂದ್ರ. ನನ್ನ ಮಾತಿಗೆ ಎರಡಿಲ್ಲ." ಹೇಳಿ ಸೀದಾ ಹೋಗಿ ತಮ್ಮ ನೆಂಟರನ್ನೆಲ್ಲ ಬಯಲಿನಲ್ಲಿ ನಿಲ್ಲಿಸುವ ಏರ್ಪಾಡು ಮಾಡಿದರು. ಗುತ್ತಿಗೆದಾರ ಕೂಲಿಯವರನ್ನು ಗೋದಾಮಿಗೆ ಕರೆಸಿದ.

ಸೈರನ್ ಕೂಗಿತು. ಕೂಗಿ ಮುಗಿಯುವ ಮೊದಲೇ ನಮ್ಮ ಮೆಟ್ಟಿಲಿನ ಮೇಲೆ ದಡದಡ ಸದ್ದು. ಮೊದಲು ಬಂದವಳು ಬೇಕರಿಯವನ ಹೆಂಡತಿ. "ನಾಳಿದ್ದಕ್ಕಾ, ನನ್ನ ರವಿಕೆ ಹೇಗಿದೆಯೋ ಹಾಗೇ ಕೊಟ್ಬಿಡು!" ಅವಳ ಹಿಂದೆ ಮೇಷ್ಟ್ರು, ಅವರ ಹಿಂದೆ ಪೋಸ್ಟ್‌ಮ್ಯಾನು, ಆಮೇಲೆ ಇಡೀ ಬೀದಿ.

"ಏನ್ರೋ ಇದು, ಜೀವ ಉಳಿಸ್ಕೊಳ್ಳೋದು ಬಿಟ್ಟು ಬಟ್ಟೆ ಕೇಳ್ತೀರಲ್ಲೋ!" ಎಂದಳು ನಾದಿನಿ.

"ಹೋದ ವರ್ಷ ಪ್ರವಾಹದ ನೆಪ ಹೇಳಿ ನನ್ನ ಪ್ಯಾಂಟನ್ನ ಮುಂದಿನ ಮಳೆಗಾಲಕ್ಕೆ ತಳ್ಳಿದ್ಯಲ್ಲ ತಾಯಿ, ಈ ಸಲ ಬಿಡಲ್ಲ," ಎಂದರು ಮೇಷ್ಟ್ರು.

ಹಜಾರ ತುಂಬಿತು. ನಾನು ಕಿಟಕಿಯಿಂದ ನೋಡಿದೆ: ಅಧ್ಯಕ್ಷರ ನೆಂಟರೂ ಗುತ್ತಿಗೆದಾರನ ಕೂಲಿಯವರೂ ನಮ್ಮ ಕಡೆಗೇ ಓಡಿ ಬರುತ್ತಿದ್ದರು. ಸೈರನ್ ಸುಳ್ಳೆಂದು ಗೊತ್ತಿದ್ದರೇನು, ಅವರೂ ಇವಳ ಹತ್ತಿರ ಬಟ್ಟೆ ಕೊಟ್ಟವರೇ ತಾನೇ? ಕಡೆಯಲ್ಲಿ ಏದುಸಿರು ಬಿಡುತ್ತ ಸಮಿತಿ ಬಂತು.

ನರ್ಸಮ್ಮ ಸುತ್ತಲೂ ಕಣ್ಣಾಡಿಸಿದಳು. "ಎತ್ತರದ ಜಾಗ, ಗಟ್ಟಿ ಸೂರು. ಕಣ್ಣು ಕಟ್ಟಿ ಬಿಟ್ರೂ ಊರವರು ಈ ಮೆಟ್ಲು ಹತ್ತುತಾರೆ. ಇನ್ನೆಲ್ಲಿ ಹುಡುಕ್ತೀರಾ ಸಾರ್?"

ಅಧ್ಯಕ್ಷರು ತಮ್ಮ ಮಾತನ್ನು ತಾವೇ ನುಂಗುವಂತಿರಲಿಲ್ಲ. ಅದನ್ನು ಕೇಳಿಸಿಕೊಂಡ ನಾವೆಲ್ಲ ಎದುರಿಗೇ ಇದ್ದೆವು. "ಆಗ್ಲಿ, ಇದೇ ಕೇಂದ್ರ. ನೋಟಿಸ್ ಪ್ರಕಾರ ಈಯಮ್ಮ ಮಾತ್ರ ಖಾಲಿ ಮಾಡ್ಲಿ."

ನಾದಿನಿ ಕತ್ತರಿ ಕೆಳಗಿಟ್ಟಳು.

"ಈಯಮ್ಮ ಹೋದ್ರೆ ಇಲ್ಲಿಗೆ ಯಾರ್ ಬರ್ತಾರೆ ಸಾರ್?" ಎಂದಳು ನರ್ಸಮ್ಮ. "ಇವರು ಬಂದಿರೋದು ನಿಮ್ಮನ್ನ ನೋಡೋಕಾ?"

ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಹಜಾರವೇ ನಕ್ಕಿತು. ಅಧ್ಯಕ್ಷರು ಕೆಮ್ಮಿದರು. "ಸರಿ, ಈಯಮ್ಮ ಇಲ್ಲೇ ಇರ್ಲಿ. ಕಾಗದ ಕಳಿಸ್ತೀನಿ. ಅಂದ ಹಾಗೆ, ನನ್ನ ಕೋಟು?"

"ಒಂದು ತೋಳು ಆಗಿದೆ. ಕಾಗದ ಬಂದ ದಿನ ಇನ್ನೊಂದು," ಎಂದಳು ಅವಳು.

ಹೋಗುವಾಗ ನರ್ಸಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ದಮ್ಮಯ್ಯ, ಎಲ್ಲರ ಬಟ್ಟೇನೂ ಹೊಲಿದು ಮುಗಿಸ್ಬಿಡಬೇಡಿ. ಕೇಂದ್ರಕ್ಕೆ ಜನ ಬರಬೇಕಲ್ಲ," ಎಂದಳು.

ಎರಡು ದಿನಕ್ಕೇ ಕಾಗದ ಬಂತು. ನಮ್ಮ ಪುರಸಭೆಯಲ್ಲಿ ಕಾಗದ ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿದ್ದು ಇದೇ ಮೊದಲು. ನಾದಿನಿ ಅದನ್ನು ಮೆಷಿನ್ನಿನ ಮೇಲಿನ ಮೊಳೆಗೆ ಸಿಕ್ಕಿಸಿ, ತಲೆ ಬಗ್ಗಿಸಿ ಯಾರದೋ ಲಂಗ ಹೊಲಿಯುತ್ತ ಕೂತಿದ್ದಾಳೆ. ಪಕ್ಕದ ಮೊಳೆಯಲ್ಲಿ ಕೋಟು ನೇತಾಡುತ್ತಿದೆ, ಇನ್ನೂ ಒಂದೇ ತೋಳಿನದು. ಅದಕ್ಕೆ ಗುಂಡಿ ಹಾಕಬೇಕಾದವಳು ನಾನು. ಯಾವಾಗ ಕೊಡ್ತೀಯೇ ಎಂದು ನಾನಂತೂ ಕೇಳಲು ಹೋಗಿಲ್ಲ.