ಪಿ.ಟಿ. ಸರ್ ಹಾಕಿದ ಸುಣ್ಣದ ಗೆರಿ

ನಿನ್ನೆ ಓಣಿ ಹುಡುಗರ ಕಬಡ್ಡಿಗೆ ಅಂಕಣ ಹಾಕಾಕಂತ ಸುಣ್ಣದ ಪುಡಿ ಚೀಲ ಬಿಚ್ಚಿದೆ ನೋಡ್ರಿ, ಅದರ ಘಾಟು ಮೂಗಿಗೆ ಹತ್ತಿದ್ದೇ ತಡ, ಕೈ ನಿಂತುಬಿಡ್ತು. ನಮ್ಮ ಪಿ.ಟಿ. ಸರ್ ನೆನಪಾದ್ರು. ಇಲ್ಲಿ ಏನೇನೋ ಬರೀತೀನಿ, ಈ ಮಾತು ಮಾತ್ರ ಬರದಿಲ್ಲ. ಬರಿಯಾಕ ಮುಖ ಇರಲಿಲ್ಲ.

ಸರ್ ನನಗ ಕಲಿಸಿದವರು. ಈ ಸಂಗತಿ ನಡದಾಗ ರಿಟೈರ್ ಆಗಿದ್ರು. ಕುಷ್ಟಗಿಯೊಳಗ ಹೆಣ್ಮಕ್ಕಳ ಸಾಲಿ ಮುಂದ ಲಾರಿ ಬಡದು ಒಂದು ಹುಡುಗಿ ಕಾಲು ಮುರೀತು. ಹಂಪ್ಸ್ ಹಾಕ್ರಿ ಅಂತ ಧರಣಿ ಕೂಡೂದು ಅಂತ ನಾವೊಂದಿಷ್ಟು ಮಂದಿ ಠರಾಯಿಸಿದ್ವಿ. ಪರ್ಮಿಷನ್ ಕೇಳಾಕ ಠಾಣೆಗೆ ಹೋದ್ರ, "ನಿಮ್ಮಂಥ ಹುಡುಗರ ಸಹಿ ಬ್ಯಾಡಪಾ, ಯಾರರ ಹಿರ್ಯಾರು ಮಾಡ್ಲಿ" ಅಂದ್ರು. ಸರ್ ಮಾಡಿದ್ರು. ರಸ್ತಾ ಬಂದ್ ಮಾಡಂಗಿಲ್ಲ, ಬದಿಗೆ ಕುಂತು ಮಧ್ಯಾಹ್ನಕ್ಕ ಏಳ್ತೀವಿ ಅಂತ ಬರದೂ ಕೊಟ್ರು.

ಧರಣಿ ದಿನ ಮುಂಜಾನೆ ನಾವು ಹೋಗೂದ್ರಾಗ ಸರ್ ಬಗ್ಗಿ, ಡಾಂಬರಿನ ಅಂಚಿಗೆ ಸುಣ್ಣದ ಗೆರಿ ಹಾಕಾಕತ್ತಿದ್ರು. ಕೊರಳಾಗ ಸೀಟಿ.

"ಏನ್ ಸರ್, ಕಬಡ್ಡಿ ಆಡಸ್ತೀರೇನ್ರಿ?" ಅಂತ ನಕ್ಕೆ.

"ನಗು ತಮ್ಮಾ. ನಮ್ಮ ಹಕ್ಕು ಈ ಗೆರಿ ತನಕ. ಅತ್ತಾಗಿಂದು ಹಾದು ಹೋಗೋರ ಹಕ್ಕು. ದಾಟಿದಾಂವ ಔಟ್."

ಮಂದಿ ಕೂಡಿತು. ಹುಡುಗರು ಮೊಬೈಲ್ ಹಿಡದು, "ಅಣ್ಣಾ, ಬದಿಗೆ ಕುಂತ್ರ ಯಾರ್ ನೋಡ್ತಾರ? ನಡುವ ಬರ್ರಿ" ಅಂದ್ರು. ನನಗ ಹುರುಪು ಏರಿತು. ಗೆರಿ ನೋಡಿದೆ... ದಾಟಿದೆ. ನಡು ರಸ್ತಾದಾಗ ಕುಂತೆ. ನನ್ನ ಹಿಂದ ಎಲ್ಲಾರೂ ಬಂದ್ರು. ಸರ್ ಸೀಟಿ ಊದೇ ಊದಿದ್ರು, ಒಬ್ಬಾಂವ ತಿರುಗಲಿಲ್ಲ. ಎರಡೂ ಕಡೆ ಬಸ್ಸು, ಲಾರಿ ನಿಂತ್ವು.

ಪೊಲೀಸ್ ಗಾಡಿ ಬಂತು. "ಸಹಿ ಯಾರ್ದು?" ಸರ್ ಕೈ ಎತ್ತಿದ್ರು, ಹಾಜರಿಗೆ ಹುಡುಗ್ರು ಎತ್ತತಾರಲ್ಲ, ಹಂಗ. ನಾನು? ಅಷ್ಟರಾಗ ಎದ್ದು ಪಾನ್ ಅಂಗಡಿ ಮುಂದ, ದಾರ್ಯಾಗ ಹೊಂಟಾಂವನಂಗ ನಿಂತಿದ್ದೆ. ಸಂಜಿಕ ಹುಡುಗರ ಕೈಯಾಗಿನ ವಿಡಿಯೋನೂ ಅಳಿಸಾಕ ಹಚ್ಚಿದೆ.

ಕೇಸ್ ಸರ್ ಮ್ಯಾಲ ಆತು. ಮೊದಲ ದಾಟಿದಾಂವ ಯಾರು ಅಂತ ಕೇಳಿದ್ರ "ಜವಾಬ್ದಾರಿ ನಂದ್ರಿ" ಅಂದ್ರಂತ, ಅಷ್ಟ. ತಾರೀಖು ಇದ್ದಾಗ ಇಸ್ತ್ರಿ ಅಂಗಿ ಹಾಕ್ಕೊಂಡು ಕೋರ್ಟಿಗೆ ಹೊಂಟ್ರ, ನಾನು ಗಾಡಿ ಬ್ಯಾರೆ ಓಣಿಗೆ ತಿರುಗಸ್ತಿದ್ದೆ. ಒಮ್ಮೆ ಚಾದಂಗಡ್ಯಾಗ ಸಿಕ್ಕೇಬಿಟ್ರು.

"ತಮ್ಮಾ, ಅವತ್ತ ಗೆರಿ ಕಾಣಲಿಲ್ಲೇನ?"

"ಗದ್ದಲದಾಗ ಕಾಣಲಿಲ್ಲ ಸರ್."

ಇಬ್ಬರದೂ ಚಾದ ರೊಕ್ಕ ಅವರ ಕೊಟ್ರು. "ಇರಬೇಕು. ನಾನ ಇನ್ನಷ್ಟು ದಪ್ಪ ಹಾಕಬೇಕಿತ್ತು ಬಿಡು."

ಕೇಸ್ ಮುಗಿಯೂದ್ರಾಗ ಸರ್ ತೀರಿಕೊಂಡ್ರು... ಹಂಪ್ಸ್ ಆಮ್ಯಾಲ ಬಂದ್ವು. ಅಲ್ಲಿ ಗಾಡಿ ನಿಧಾನ ಆದಾಗೆಲ್ಲ ಕಣ್ಣು ಬದಿಗೆ ಹೋಗ್ತಾವ.

ನಿನ್ನೆ ಅಂಕಣ ನಾ ಹಾಕಲಿಲ್ಲ. ಚೀಲ ಹುಡುಗರ ಕೈಗೆ ಕೊಟ್ಟು ಮನಿಗೆ ಬಂದೆ.

ಗೆರಿ ಕಂಡಿತ್ತು ಸರ್. ಛಲೋ ದಪ್ಪನ ಇತ್ತು.