ಹಸಿ ತೆನೆಯ ಹಬ್ಬ

ನಮ್ಮಮ್ಮನ ಊಟದ ಪ್ರಾರ್ಥನೆ ಉದ್ದಕ್ಕೆ ಹೆಸರುವಾಸಿ. ಗ್ಯಾಸ್ ಸಿಲಿಂಡರ್ ಹೊತ್ತಿಗೆ ಸರಿಯಾಗಿ ಬಂದದ್ದು, ಸಾಗರದ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಬೆಕ್ಕು ಸುಖವಾಗಿ ಮರಿ ಹಾಕಿದ್ದು, ಕೊನೆಗೆ ಯೇಸುಸ್ವಾಮಿ ನಮಗಾಗಿ ಪ್ರಾಣ ಕೊಟ್ಟದ್ದು, ಎಲ್ಲಕ್ಕೂ ಒಂದೊಂದಾಗಿ ವಂದನೆ ಹೇಳಿಯೇ ಕಣ್ಣು ಬಿಡುವವಳು. ಸಾರು ತಣ್ಣಗಾಗುವ ಹೊತ್ತಿಗೆ ಅಣ್ಣ ಬೇಕೆಂದೇ ಕೆಮ್ಮುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡೇ, "ಕೆಮ್ಮಿಗೆ ಔಷಧಿ ಕೊಟ್ಟ ದೇವರೇ, ನಿನಗೆ ವಂದನೆ" ಎಂದು ಇನ್ನೊಂದು ಸೇರಿಸುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅವಳಿಗೆ ಅನ್ನನಾಳದ ಆಪರೇಷನ್ ಆಯಿತು. ಎರಡು ತಿಂಗಳು ಟ್ಯೂಬಿನಲ್ಲೇ ಆಹಾರ. ಇನ್ನು ತೆಳ್ಳಗಿನದ್ದನ್ನು ಬಾಯಲ್ಲಿ ಕುಡಿಯಬಹುದು, ಕುಡಿದರೆ ಮಾತ್ರ ಟ್ಯೂಬ್ ತೆಗೆಯುತ್ತೇನೆ ಎಂದರು ಡಾಕ್ಟರು. ಆದರೆ ಅಮ್ಮ ಹೆದರಿಹೋಗಿದ್ದಳು. ಚಮಚ ತುಟಿಗೆ ತಾಗಿದರೆ ಸಾಕು, ಮುಖ ಆಚೆ ತಿರುಗಿಸುತ್ತಿದ್ದಳು. ಪ್ರಾರ್ಥನೆಯೂ ನಿಂತಿತು. ಉಣ್ಣದವಳಿಗೆ ಊಟದ ಪ್ರಾರ್ಥನೆ ಯಾಕೆ ಎಂದಳು. ನನಗೋ ದೇವರ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ತೆನೆ ಹಬ್ಬ ಬಂತು. ಮಾತೆ ಮರಿಯಮ್ಮನವರ ಹುಟ್ಟುಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಸುಲಿದು ತೆಂಗಿನಹಾಲಿನ ಪಾಯಸಕ್ಕೆ ಹಾಕುವುದು ನಮ್ಮ ಪದ್ಧತಿ. ಮನೆಯ ಹಿರಿಯರು ಮೊದಲು ಬಾಯಿಗಿಡುವ ತನಕ ಉಳಿದವರು ಎಲೆ ಮುಟ್ಟುವಂತಿಲ್ಲ. ಆ ಸಲ ಇಡೀ ಚರ್ಚಿಗೆ ತೆನೆ ತರುವ ಸರದಿ ನನ್ನದು. ಹೊಸನಗರದಲ್ಲಿ ಬಟ್ಟೆ ಹೊಲಿದುಕೊಂಡಿರುವವಳಿಗೆ ಗದ್ದೆ ಎಲ್ಲಿಂದ ಬರಬೇಕು? ಪಕ್ಕದ ಹಳ್ಳಿಯಿಂದ ಬ್ಲೌಸ್ ಹೊಲಿಸಲು ಬರುವ, ಗದ್ದೆ ಇರುವ ಒಬ್ಬ ಹೆಂಗಸನ್ನು ಕೇಳಿದೆ.

"ಕೊಡ್ಲಿಕ್ಕೆ ಎಂತ, ದೇವ್ರ ಕೆಲ್ಸ" ಎಂದರು ಅವರು. "ಆದ್ರೆ ಈ ವರ್ಷ ನಟ್ಟಿ ತಡ ಆಯ್ತು ಮಾರಾಯ್ತಿ. ಕಾಳು ಇನ್ನೂ ಗಟ್ಟಿ ಆಗ್ಲಿಲ್ಲ."

"ಹಬ್ಬ ನಾಳೆ ಅಕ್ಕಾ. ತೆನೆ ಅಂತ ಕಂಡ್ರೆ ಸಾಕು, ಕೊಡಿ."

ಮರುದಿನ ಪೂಜೆ ಮುಗಿಸಿ ಮನೆಗೆ ಬಂದೆವು. ಸಾಗರದಿಂದ ಅಣ್ಣ, ತೀರ್ಥಹಳ್ಳಿಯಿಂದ ಅಕ್ಕ ಬಂದಿದ್ದರು. ಅಕ್ಕ ಒಂದು ಕಾಳನ್ನು ಉಗುರಿನಿಂದ ಒತ್ತಿದಳು. ಅಕ್ಕಿ ಬರಲಿಲ್ಲ, ಬಿಳಿ ಹಾಲು ಚಿಮ್ಮಿತು.

"ಎಂತದೇ ಇದು? ಊರಿಗೆಲ್ಲ ಹಸಿ ತೆನೆ ಹಂಚಿದ್ಯಾ?"

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮೂರು ಮನೆಯವರು ಮುಗಿದ ಮೇಲೆ ಫಾದರ್. ಅವರು ಮಾತಾಡಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ನಾಚಿಕೆಗೆ ನನ್ನ ಮುಖ ಕೆಂಪಾಯಿತು, ಜೊತೆಗೆ ಕೋಪ. ಇದ್ದ ಕಾಳನ್ನೆಲ್ಲ ಹಿಂಡಿ, ತೆಂಗಿನಹಾಲಿಗೆ ಬೆರೆಸಿ, ಒಂದು ಕುದಿ ಕುದಿಸಿ ಸೋಸಿದೆ. ಆರಿದ ಮೇಲೆ ಲೋಟವನ್ನು ಅಮ್ಮನ ಮುಂದೆ ಕುಕ್ಕಿದೆ.

ಎಲೆಯಲ್ಲಿ ಬಡಿಸಿಯಾಗಿತ್ತು. ಯಾರೂ ಕೈ ಹಾಕುವಂತಿಲ್ಲ. ಎಲ್ಲರ ಕಣ್ಣೂ ಅಮ್ಮನ ಮೇಲೆ.

"ಕಾಳು ಹಾಕ್ಲಿಲ್ವಾ?" ಎಂದಳು ಅಮ್ಮ, ಲೋಟದೊಳಗೆ ಇಣುಕಿ.

"ಕಾಳೇ ಇಲ್ಲಮ್ಮ. ಬರೀ ಹಾಲು. ನನ್ನದೇ ತಪ್ಪು."

ಅಮ್ಮ ನಮ್ಮ ಎಲೆಗಳನ್ನು ನೋಡಿದಳು. "ಹಬ್ಬದ ದಿನ ನಿಮ್ಮನ್ನೆಲ್ಲ ಉಪವಾಸ ಕೂರ್ಸೋದಾ?" ಎಂದು ತಾನೇ ಚಮಚ ಎತ್ತಿದಳು. ಬಾಯಿಗೆ ಬಿಟ್ಟುಕೊಂಡಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಮೆಲ್ಲಗೆ ನುಂಗಿದಳು. ಎರಡನೇ ಚಮಚ. ಮೂರನೆಯದು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅಮ್ಮ ಲೋಟ ಖಾಲಿ ಮಾಡಿ ಕಣ್ಣು ಮುಚ್ಚಿದಳು. ನಟ್ಟಿ ತಡವಾದದ್ದಕ್ಕೆ, ಆ ಹೆಂಗಸಿನ ಗದ್ದೆಗೆ, ನನ್ನ ಅವಸರಕ್ಕೆ, ಡಾಕ್ಟರ ಕೈಗೆ, ಎರಡು ತಿಂಗಳು ಅನ್ನ ಹಾಕಿದ ಟ್ಯೂಬಿಗೆ, ತಾನು ಮಾತಾಡದೆ ಕೂತಾಗಲೂ ಬಿಟ್ಟುಹೋಗದ ಯೇಸುಸ್ವಾಮಿಗೆ, ಎಲ್ಲಕ್ಕೂ ವಂದನೆ ಹೇಳಿದಳು. ಪಾಯಸ ಕೆನೆಗಟ್ಟಿತು. ಪಲ್ಯ ತಣ್ಣಗಾಯಿತು. ಅಣ್ಣ ತಲೆ ತಗ್ಗಿಸಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ.

ಅಮ್ಮ ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ಅವನನ್ನು ನೋಡಿದಳು.

"ಯಾಕೋ, ಇವತ್ತು ಕೆಮ್ಮಲ್ವಾ?"